ಕರೆಂಟು ಕೊಟ್ಟರೆ ಮಗು ಎಚ್ಚರಗೊಳ್ಳುವುದೇ?

ಪ್ರಶ್ನೆ: ಹಾವೇರಿ ಜಿಲ್ಲೆಯ ತಾಯಿಯೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಹೀಗಿದೆ: "ಮೇಡಂ, ನನ್ನ ಮಗನಿಗೆ ಒಂಬತ್ತು ವರ್ಷ. ಏಳು ತಿಂಗಳ ಹಿಂದೆ ಅವರ ಅಪ್ಪನ ಬೈಕಿನಲ್ಲಿ ಹೋಗುವಾಗ ಟ್ರ್ಯಾಕ್ಟರ್ ಟ್ರೇಲರಿಗೆ ಡಿಕ್ಕಿಯಾಗಿ ತಲೆಗೆ ಪೆಟ್ಟು ಬಿತ್ತು. ಆಸ್ಪತ್ರೆಗೆ ಸೇರಿಸಿದಾಗ ಗ್ಲಾಸ್ಗೋ ಅಂಕ (ಪ್ರಜ್ಞೆಯ ಮಟ್ಟವನ್ನು 3ರಿಂದ 15ರವರೆಗೆ ಅಳೆಯುವ ಅಂಕ) 5 ಇತ್ತು ಎಂದು ಚೀಟಿಯಲ್ಲಿದೆ. ಆಪರೇಷನ್ ಮಾಡಿ ಬುರುಡೆಯ ಒಂದು ಬದಿಯ ಮೂಳೆ ತೆಗೆದರು, ಇನ್ನೂ ಹಾಕಿಲ್ಲ. ಈಗ ಮನೆಯಲ್ಲೇ ಇದ್ದಾನೆ. ಮೂಗಿನ ನಳಿಕೆಯಲ್ಲಿ ಊಟ. ಹಗಲು ಕಣ್ಣು ಬಿಡುತ್ತಾನೆ, ಆದರೆ ನನ್ನನ್ನು ನೋಡುವುದಿಲ್ಲ. ಆಗಾಗ ಮೈಯೆಲ್ಲ ಬೆವರಿ ಕೈಕಾಲು ಸೆಟೆಯುತ್ತವೆ. ಫಿಟ್ಸ್‌ಗೆ ಮೂರು ಔಷಧಿ, ಬಿಗಿತಕ್ಕೆ ಒಂದು ಕೊಡುತ್ತಿದ್ದೇವೆ. ಒಂದು ಕ್ಲಿನಿಕ್‌ನವರು ಮಣಿಕಟ್ಟಿಗೆ ಕರೆಂಟು ಕೊಟ್ಟು ನರ ಎಬ್ಬಿಸುತ್ತೇವೆ ಎನ್ನುತ್ತಾರೆ. ಇನ್ನೊಬ್ಬರು ಕುತ್ತಿಗೆಯ ವೇಗಸ್ ನರಕ್ಕೆ ಯಂತ್ರ ಕೂರಿಸಿದರೆ ಎಚ್ಚರವಾಗುತ್ತಾನೆ, 9 ಲಕ್ಷ ಬೇಕು ಎನ್ನುತ್ತಾರೆ. ಎರಡು ಎಕರೆ ಹೊಲ ಮಾರಿ ಮಾಡಿಸಲೇ? ಇನ್ನೊಂದು ಮಾತು. ಅವನ ತಂಗಿ ಶಾಲೆಯಿಂದ ಬಂದು ಅಣ್ಣಾ ಎಂದು ಕೂಗಿದಾಗ ಅವನ ಕಣ್ಣು ಆ ಕಡೆ ಹೊರಳಿದಂತೆ ನನಗೆ ಅನ್ನಿಸುತ್ತದೆ. ಎಲ್ಲರೂ ಅದು ನನ್ನ ಭ್ರಮೆ ಎನ್ನುತ್ತಾರೆ."

ಉತ್ತರ: ನೀವು ಕೇಳಿರುವುದು ಹೊಲ ಮಾರುವ ಪ್ರಶ್ನೆ. ಅದಕ್ಕೆ ನೇರವಾಗಿ ಉತ್ತರಿಸುತ್ತೇನೆ: ಮಾರಬೇಡಿ. ವೇಗಸ್ ನರದ ಶಸ್ತ್ರಚಿಕಿತ್ಸೆಯಿಂದ ಈ ಸ್ಥಿತಿಯ ಮಗು ಎಚ್ಚರಗೊಳ್ಳುತ್ತದೆ ಎಂದು ಭರವಸೆ ಕೊಡಲು ಇಂದು ಯಾವ ವೈದ್ಯರಿಗೂ ಆಧಾರವಿಲ್ಲ. ಆದರೆ ನನ್ನ ಮಟ್ಟಿಗೆ ನಿಮ್ಮ ಪತ್ರದ ಅತಿ ಮುಖ್ಯವಾದ ಮಾತು ಇರುವುದು ಕೊನೆಯಲ್ಲಿ, ತಂಗಿಯ ದನಿಗೆ ಕಣ್ಣು ಹೊರಳುವ ವಿಷಯದಲ್ಲಿ. ಅದು ಭ್ರಮೆಯೋ ಅಲ್ಲವೋ ಎಂದು ಪರೀಕ್ಷಿಸಿ ತಿಳಿಯಬಹುದು, ಮತ್ತು ಯಾವ ಯಂತ್ರದ ಬಗ್ಗೆ ಯೋಚಿಸುವುದಕ್ಕೂ ಮೊದಲು ಅದನ್ನು ತಿಳಿಯಬೇಕು. ಮಗುವನ್ನು ಕಣ್ಣಾರೆ ನೋಡದೆ ನಾನು ರೋಗನಿರ್ಣಯ ಮಾಡಲಾರೆ. ಇಂಥ ಮಕ್ಕಳ ಪುನಶ್ಚೇತನದಲ್ಲೇ ಕೆಲಸ ಮಾಡಿದ ಅನುಭವದಿಂದ, ನಿಮ್ಮ ಪತ್ರದಲ್ಲಿರುವ ವಿವರಗಳು ಯಾವ ದಿಕ್ಕನ್ನು ತೋರಿಸುತ್ತವೆ ಎಂಬುದನ್ನು ಮಾತ್ರ ಹೇಳಬಲ್ಲೆ.

ಎಚ್ಚರ ಬೇರೆ, ಅರಿವು ಬೇರೆ. ಕಣ್ಣು ಬಿಡುವುದು, ರಾತ್ರಿ ಮುಚ್ಚುವುದು, ಆಕಳಿಸುವುದು ಎಚ್ಚರಕ್ಕೆ ಸೇರಿದವು. ಇವನ್ನು ಮಿದುಳಿನ ಕಾಂಡವೇ, ಅಂದರೆ ಮಿದುಳು ಬೆನ್ನುಹುರಿಗೆ ಸೇರುವ ಬುಡದ ಭಾಗವೇ, ನಡೆಸಬಲ್ಲದು. ತಾಯಿಯ ಮುಖವನ್ನು ಹಿಂಬಾಲಿಸುವುದು, ಹೇಳಿದಾಗ ಬೆರಳು ಅಲ್ಲಾಡಿಸುವುದು ಅರಿವಿಗೆ ಸೇರಿದವು. ಇದಕ್ಕೆ ಕಾಂಡ, ಮಿದುಳಿನ ನಡುವಿರುವ ಥಲಾಮಸ್ ಮತ್ತು ಹೊರಪದರ ಮೂರೂ ಒಂದಕ್ಕೊಂದು ಕೂಡಿ ಕೆಲಸ ಮಾಡಬೇಕು. ನಿಮ್ಮ ಮಗ ಗಾಢ ಪ್ರಜ್ಞಾಹೀನತೆಯಲ್ಲಿಲ್ಲ, ಅವನಲ್ಲಿ ಎಚ್ಚರವಿದೆ. ಅರಿವು ಎಷ್ಟಿದೆ ಎಂಬುದೇ ಈಗಿನ ಪ್ರಶ್ನೆ. ಏನೂ ಇಲ್ಲದ ಸ್ಥಿತಿಗೂ, ಮಿಣುಕು ಮಿಣುಕಾಗಿ ಬಂದು ಹೋಗುವ ಕನಿಷ್ಠ ಅರಿವಿನ ಸ್ಥಿತಿಗೂ ನಡುವಿನ ಗೆರೆ ಬಹಳ ತೆಳುವಾದುದು, ಮತ್ತು ಅದನ್ನು ಗುರುತಿಸುವಲ್ಲಿ ವೈದ್ಯರಾದ ನಾವು ಪದೇ ಪದೇ ತಪ್ಪುತ್ತೇವೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅರಿವೇ ಇಲ್ಲವೆಂದು ವೈದ್ಯರ ತಂಡ ಒಮ್ಮತದಿಂದ ತೀರ್ಮಾನಿಸಿದ್ದ 44 ಜನರನ್ನು ಕ್ರಮಬದ್ಧವಾದ ಅಳತೆಪಟ್ಟಿಯಿಂದ ಮತ್ತೆ ಪರೀಕ್ಷಿಸಿದಾಗ, 18 ಜನರಲ್ಲಿ ಅರಿವಿನ ಲಕ್ಷಣಗಳು ಕಂಡವು. ಹಾಸಿಗೆಯ ಪಕ್ಕ ಎರಡು ನಿಮಿಷ ನಿಂತು, ಟಾರ್ಚ್ ಬಿಟ್ಟು ಹೋದರೆ ಈ ತಪ್ಪು ಆಗಿಯೇ ಆಗುತ್ತದೆ.

ಟಾರ್ಚಿನ ಬೆಳಕನ್ನು ಹಿಂಬಾಲಿಸದ ಮಗು ಕನ್ನಡಿಯನ್ನು ಹಿಂಬಾಲಿಸುವುದುಂಟು. ನಾವು ವಾರ್ಡಿನಲ್ಲಿ ಮಾಡುವುದು ಇಷ್ಟೇ: ಮಗುವನ್ನು ದಿಂಬಿನ ಆಸರೆಯಲ್ಲಿ ಕೂರಿಸಿ, ಸುತ್ತಲಿನ ಟಿವಿ, ಮಾತು ಎಲ್ಲ ನಿಲ್ಲಿಸಿ, ಅಂಗೈಯಗಲದ ಕನ್ನಡಿಯೊಂದನ್ನು ಮುಖದಿಂದ ಒಂದು ಗೇಣಿನೊಳಗೆ ಹಿಡಿಯುತ್ತೇವೆ. ತನ್ನ ಮುಖ ತನಗೆ ಕಂಡಿತೆನ್ನಲು ಸಮಯ ಕೊಟ್ಟು, ಕನ್ನಡಿಯನ್ನು ಬಹಳ ನಿಧಾನವಾಗಿ ಬಲಕ್ಕೆ, ಎಡಕ್ಕೆ, ಮೇಲಕ್ಕೆ, ಕೆಳಕ್ಕೆ ಸರಿಸುತ್ತೇವೆ. ಕಣ್ಣು ಕನ್ನಡಿಯ ಜೊತೆ ಸರಿದರೆ, ಮತ್ತೆ ಮಾಡಿದಾಗಲೂ ಸರಿದರೆ, ಅದು ಅರಿವಿನ ಗುರುತು. ಒಂದು ದಿನ ಸಿಗದೆ ಇರಬಹುದು, ಊಟದ ನಂತರ ಸಿಗದೆ ಇದ್ದದ್ದು ಸ್ನಾನದ ನಂತರ ಸಿಗಬಹುದು. ಹಾಗಾಗಿ ಒಂದೆರಡು ವಾರದೊಳಗೆ ಕಡಿಮೆಯೆಂದರೆ ಐದು ಬಾರಿಯಾದರೂ, ಬೇರೆ ಬೇರೆ ಹೊತ್ತಿನಲ್ಲಿ ಪರೀಕ್ಷಿಸದೆ ನಾವು ತೀರ್ಮಾನಕ್ಕೆ ಬರುವುದಿಲ್ಲ. ದಿನವಿಡೀ ಜೊತೆಗಿರುವ ತಾಯಂದಿರು ಇಂಥ ಬದಲಾವಣೆಯನ್ನು ನಮಗಿಂತ ಮೊದಲು ಕಂಡಿರುವುದನ್ನು ನಾನು ಹಲವು ಬಾರಿ ನೋಡಿದ್ದೇನೆ. ಆಸೆಯಿಂದ ಇಲ್ಲದ್ದನ್ನು ಕಂಡದ್ದನ್ನೂ ನೋಡಿದ್ದೇನೆ. ಎರಡನ್ನೂ ಬೇರ್ಪಡಿಸುವುದು ಪರೀಕ್ಷೆಯೇ ಹೊರತು, ಅಕ್ಕಪಕ್ಕದವರ ಅಭಿಪ್ರಾಯವಲ್ಲ.

ಇನ್ನು ನರ ಪ್ರಚೋದನೆಯ ವಿಷಯ. ನಿಮಗೆ ಹೇಳಲಾದ ಎರಡು ಚಿಕಿತ್ಸೆಗಳೂ ಕಟ್ಟುಕಥೆಯಲ್ಲ, ಎರಡಕ್ಕೂ ವೈಜ್ಞಾನಿಕ ಹಿನ್ನೆಲೆಯಿದೆ. ಸತ್ತ ನರಕೋಶಗಳನ್ನು ಕರೆಂಟು ಬದುಕಿಸುತ್ತದೆ ಎಂಬುದು ಮಾತ್ರ ಶುದ್ಧ ಸುಳ್ಳು. ಕರೆಂಟು ಮಾಡಬಹುದಾದ ಕೆಲಸವನ್ನು ನಿಮ್ಮ ಹೊಲದ ಕಾಲುವೆಯ ಮೂಲಕವೇ ವಿವರಿಸುತ್ತೇನೆ. ಮಿದುಳಿನ ಕಾಂಡ ತೂಬಿನ ಹಾಗೆ, ಹೊರಪದರ ಕೊನೆಯ ಹೊಲದ ಹಾಗೆ. ಜೋರಾದ ಅಪಘಾತದಲ್ಲಿ ತಲೆ ಗಕ್ಕನೆ ತಿರುಗಿ, ಮಿದುಳಿನೊಳಗಿನ ಉದ್ದುದ್ದ ತಂತುಗಳು ಎಳೆದಂತಾಗಿ ಹರಿಯುತ್ತವೆ. ಕಾಲುವೆ ಅಲ್ಲಲ್ಲಿ ಒಡೆಯುತ್ತದೆ, ಅಲ್ಲಲ್ಲಿ ಹೂಳು ತುಂಬುತ್ತದೆ. ನರ ಪ್ರಚೋದನೆ ಎಂದರೆ ತೂಬನ್ನು ಇನ್ನಷ್ಟು ಎತ್ತಿ ಹೆಚ್ಚು ನೀರು ಬಿಡುವುದು. ಹೂಳು ತುಂಬಿದ ಕಡೆ ಅದರಿಂದ ನೀರು ಮುಂದೆ ಸಾಗಬಹುದು. ಕಾಲುವೆಯೇ ಕಿತ್ತುಹೋದ ಕಡೆ ಎಷ್ಟು ಬಿಟ್ಟರೂ ಕೊನೆಯ ಹೊಲ ಒಣಗಿಯೇ ಇರುತ್ತದೆ. ಒಬ್ಬರಿಗೆ ಉಪಯೋಗವಾದದ್ದು ಇನ್ನೊಬ್ಬರಿಗೆ ಆಗದಿರುವುದಕ್ಕೆ ಮುಖ್ಯ ಕಾರಣ ಇದು.

ಮಣಿಕಟ್ಟಿನ ಚಿಕಿತ್ಸೆಯಲ್ಲಿ ಬಲಗೈಯ ಮೀಡಿಯನ್ ನರಕ್ಕೆ ಚರ್ಮದ ಮೇಲಿನಿಂದ ಸಣ್ಣ ವಿದ್ಯುತ್ ಮಿಡಿತಗಳನ್ನು ಕೊಡುತ್ತಾರೆ. ಹೆಬ್ಬೆರಳಿನ ಬುಡದ ಸ್ನಾಯುಗಳನ್ನು ನಡೆಸುವ, ಬೆರಳುಗಳಿಗೆ ಸ್ಪರ್ಶ ತಿಳಿಸುವ ನರ ಅದು. ಮಿದುಳಿನ ಹೊರಪದರದಲ್ಲಿ ಕೈಗೆ ಮೀಸಲಾದ ಜಾಗ ಬಹಳ ದೊಡ್ಡದಾದ್ದರಿಂದ, ಆ ದಾರಿಯಾಗಿ ಕಾಂಡದ ಎಚ್ಚರದ ಜಾಲವನ್ನೂ ತಟ್ಟಬಹುದು ಎಂಬುದು ಇದರ ತರ್ಕ. ಅಮೆರಿಕದಲ್ಲೂ ಜಪಾನಿನಲ್ಲೂ 1990ರ ದಶಕದಿಂದ ಇದನ್ನು ಪ್ರಯತ್ನಿಸಿದ್ದಾರೆ. ಈವರೆಗಿನ ದೊಡ್ಡ ಅಧ್ಯಯನ ಚೀನಾದ್ದು. 22 ಆಸ್ಪತ್ರೆಗಳಲ್ಲಿ 329 ವಯಸ್ಕರ ಮೇಲೆ ನಡೆದು 2023ರಲ್ಲಿ ಪ್ರಕಟವಾಯಿತು. ಆರು ತಿಂಗಳ ಕೊನೆಗೆ ಪ್ರಚೋದನೆ ಪಡೆದವರಲ್ಲಿ ಶೇ 72.5 ಜನರಿಗೆ, ಪಡೆಯದವರಲ್ಲಿ ಶೇ 56.8 ಜನರಿಗೆ ಪ್ರಜ್ಞೆ ಮರಳಿತ್ತು.

ಈ ಅಂಕಿಗಳನ್ನು ನಿಮಗೆ ತೋರಿಸಿ ಚಿಕಿತ್ಸೆಗೆ ಒಪ್ಪಿಸುವವರು ಇರಬಹುದು, ಆದ್ದರಿಂದ ಅವನ್ನು ಹೇಗೆ ಓದಬೇಕು ಎಂಬುದನ್ನೂ ಹೇಳಬೇಕು. ಆ ರೋಗಿಗಳಿಗೆ ಚಿಕಿತ್ಸೆ ಆರಂಭವಾದದ್ದು ಪೆಟ್ಟಾದ ಎರಡು ವಾರಗಳೊಳಗೆ, ಐಸಿಯುವಿನಲ್ಲಿ, ದಿನಕ್ಕೆ 8 ಗಂಟೆಯಂತೆ; ನಿಮ್ಮ ಮಗ ಏಳು ತಿಂಗಳು ದಾಟಿದ್ದಾನೆ, ಮತ್ತು ಅವನು ಮಗು. ಅದಕ್ಕಿಂತ ಮುಖ್ಯವಾದದ್ದು ಎರಡನೆಯ ಅಂಕಿ. ಯಾವ ಪ್ರಚೋದನೆಯೂ ಇಲ್ಲದೆ ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಎಚ್ಚೆತ್ತರು. ನಮ್ಮಲ್ಲಿ ಕರೆಂಟು ಕೊಟ್ಟ ಹತ್ತು ಮಕ್ಕಳಲ್ಲಿ ಆರು ಮಕ್ಕಳು ಎದ್ದರು ಎಂದು ಯಾರಾದರೂ ಹೇಳಿದರೆ, ಕೊಡದಿದ್ದರೆ ಎಷ್ಟು ಮಕ್ಕಳು ಏಳುತ್ತಿದ್ದರು ಎಂದು ಕೇಳಿ. 1994ರಲ್ಲಿ ಅಮೆರಿಕದ ವೈದ್ಯ ಸಂಘಟನೆಗಳ ಜಂಟಿ ಕಾರ್ಯಪಡೆ ಕಲೆಹಾಕಿದ ಮಾಹಿತಿಯಂತೆ, ತಲೆಗೆ ಪೆಟ್ಟಾಗಿ ಒಂದು ತಿಂಗಳಾದರೂ ಅರಿವು ಮರಳದ 106 ಮಕ್ಕಳಲ್ಲಿ ಶೇ 62 ಮಕ್ಕಳಿಗೆ ವರ್ಷದೊಳಗೆ ಅರಿವು ಮರಳಿತ್ತು. ನೀರಿನಲ್ಲಿ ಮುಳುಗಿಯೋ ಉಸಿರು ನಿಂತೋ ಮಿದುಳಿಗೆ ಹಾನಿಯಾದಂಥ, ಪೆಟ್ಟಿಲ್ಲದ ಕಾರಣಗಳ ಮಕ್ಕಳಲ್ಲಿ ಅದು ಶೇ 13 ಮಾತ್ರ. ನಿಮ್ಮ ಮಗ ಮೊದಲ ಗುಂಪಿನವನು. ಏಳನೆಯ ತಿಂಗಳಿಗೆ ಆ ಶೇ 62 ಹಾಗೆಯೇ ಅನ್ವಯಿಸುವುದಿಲ್ಲ, ಏಕೆಂದರೆ ಬೇಗ ಅರಿವು ಮರಳುವವರಿಗೆ ಆ ವೇಳೆಗೆ ಅದು ಮರಳಿರುತ್ತದೆ. ಆದರೂ ಪೆಟ್ಟಿನಿಂದಾದ ಹಾನಿಯಲ್ಲಿ ಒಂದು ವರ್ಷ ತುಂಬುವ ಮೊದಲು ಇನ್ನಾಗದು ಎಂಬ ಮಾತನ್ನು ನಾವು ಆಡುವುದಿಲ್ಲ. ವರ್ಷ ದಾಟಿದ ಮೇಲೂ ಶಾಶ್ವತ ಎಂಬ ಪದವನ್ನು ಬಳಸಬಾರದೆಂದು 2018ರ ಅಮೆರಿಕನ್ ನರವೈದ್ಯರ ಅಕಾಡೆಮಿಯ ಮಾರ್ಗಸೂಚಿ ಹೇಳಿದೆ. ಮಕ್ಕಳ ಮಿದುಳು ಮೃದು, ಎಲ್ಲವೂ ತಾನೇ ಸರಿಹೋಗುತ್ತದೆ ಎಂಬ ಸಮಾಧಾನದ ಮಾತನ್ನೂ ನಾನು ಆಡಲಾರೆ. ಬೆಳೆಯುವ ಮಿದುಳಿಗೆ ಹೊಂದಿಕೊಳ್ಳುವ ಶಕ್ತಿ ಹೆಚ್ಚು ನಿಜ, ಆದರೆ ಅದು ಇನ್ನೂ ಕಲಿಯಬೇಕಾದ ಪಾಠಗಳೂ ಹೆಚ್ಚು.

ಅದೇ ಮಾರ್ಗಸೂಚಿ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ: ದೀರ್ಘಕಾಲ ಅರಿವು ಮರಳದ ಮಕ್ಕಳಿಗೆ ಪರಿಣಾಮಕಾರಿಯೆಂದು ಸಾಬೀತಾದ ಯಾವ ಚಿಕಿತ್ಸೆಯೂ ಇಲ್ಲ, ಇದನ್ನು ಕುಟುಂಬದವರಿಗೆ ಹೇಳಬೇಕು. ಈ ಮಾತನ್ನು ತಾಯಿಯೊಬ್ಬರಿಗೆ ಹೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಆದರೆ ಇದನ್ನು ಮುಚ್ಚಿಟ್ಟು ನಿಮ್ಮಿಂದ ಹಣ ಕಟ್ಟಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ಅನ್ಯಾಯ.

ವೇಗಸ್ ಎಂದರೆ ಮಿದುಳಿನ ಕಾಂಡದಿಂದ ಕುತ್ತಿಗೆಯ ಮೂಲಕ ಎದೆ, ಹೊಟ್ಟೆಗೆ ಇಳಿಯುವ ನರ. ಅದರ ಯಂತ್ರ ಮೂರ್ಛೆರೋಗಕ್ಕೆ ಮಾನ್ಯತೆ ಪಡೆದ ಚಿಕಿತ್ಸೆ. ಔಷಧಿಗೆ ಬಗ್ಗದ ಫಿಟ್ಸ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲಿ 12 ವರ್ಷ ಮೇಲ್ಪಟ್ಟವರಿಗೂ, 2017ರಲ್ಲಿ 4 ವರ್ಷದಿಂದ ಮೇಲಿನ ಮಕ್ಕಳಿಗೂ ಅನುಮತಿ ಕೊಟ್ಟಿತು. ಅರಿವು ಮರಳಿಸುವ ಚಿಕಿತ್ಸೆಯಾಗಿ ಅದಕ್ಕೆ ಹೆಸರು ಬಂದದ್ದು 2017ರಲ್ಲಿ ಫ್ರಾನ್ಸ್‌ನ ಲಿಯೋನ್ ನಗರದಿಂದ ಬಂದ ವರದಿಯಿಂದ. ಅಪಘಾತದ ನಂತರ 15 ವರ್ಷ ಅರಿವಿಲ್ಲದೆ ಮಲಗಿದ್ದ 35 ವರ್ಷದ ವ್ಯಕ್ತಿಯೊಬ್ಬರು, ಯಂತ್ರ ಕೂರಿಸಿ ಒಂದು ತಿಂಗಳ ಪ್ರಚೋದನೆಯ ನಂತರ ವಸ್ತುವನ್ನು ಕಣ್ಣಿನಿಂದ ಹಿಂಬಾಲಿಸಿದರು, ಹೇಳಿದಾಗ ತಲೆ ತಿರುಗಿಸಿದರು. ಅವರು ಎದ್ದು ಮಾತನಾಡಲಿಲ್ಲ; ಅರಿವಿಲ್ಲದ ಸ್ಥಿತಿಯಿಂದ ಕನಿಷ್ಠ ಅರಿವಿನ ಸ್ಥಿತಿಗೆ ಬಂದರು. ಆ ವರದಿಯ ಮಹತ್ವವನ್ನು ನಾನು ಕಡಿಮೆ ಮಾಡುವುದಿಲ್ಲ, ಆದರೆ ಅದು ಒಬ್ಬ ವಯಸ್ಕರ ಕಥೆ. ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿದರೆ, ಮಗ ಈಗಾಗಲೇ ಅದೇ ಕನಿಷ್ಠ ಅರಿವಿನ ಹೊಸ್ತಿಲಲ್ಲಿ ಇರಬಹುದೇನೋ ಎಂಬ ಅನುಮಾನ ನನಗೆ ಬರುತ್ತದೆ.

ಆ ಶಸ್ತ್ರಚಿಕಿತ್ಸೆಯಲ್ಲಿ ಎಡ ಎದೆಯ ಚರ್ಮದಡಿ ಬ್ಯಾಟರಿಯನ್ನೂ, ಕುತ್ತಿಗೆಯ ಎಡಬದಿಯ ನರಕ್ಕೆ ಸುರುಳಿಯಂಥ ತಂತಿಯನ್ನೂ ಕೂರಿಸುತ್ತಾರೆ. ದನಿ ಒಡೆಯುವುದು, ಕೆಮ್ಮು, ಗಂಟಲಿನಲ್ಲಿ ಹಿಡಿದಂತಾಗುವುದು ಸಾಮಾನ್ಯ. ಸೋಂಕು ತಗುಲಿದರೆ ಇಡೀ ಸಾಧನವನ್ನು ತೆಗೆಯಬೇಕಾಗಬಹುದು. ಹೃದಯದ ಬಡಿತ ನಿಧಾನವಾಗುವುದು, ಧ್ವನಿತಂತು ಸೋಲುವುದು ಅಪರೂಪಕ್ಕೆ ಆಗುತ್ತದೆ. ಕೆಲವು ವರ್ಷಗಳಿಗೊಮ್ಮೆ ಬ್ಯಾಟರಿ ಬದಲಿಸಲು ಮತ್ತೆ ಶಸ್ತ್ರಚಿಕಿತ್ಸೆ ಬೇಕು, ಮುಂದೆ ಎಂಆರ್‌ಐ ಮಾಡಿಸುವುದಕ್ಕೆ ನಿರ್ಬಂಧಗಳಿರುತ್ತವೆ. ನಿಮ್ಮ ಮಗನ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ನುಂಗುವುದರ ಬಗ್ಗೆ. ಈಗಲೇ ಮೂಗಿನ ನಳಿಕೆಯಲ್ಲಿ ಊಟ ಪಡೆಯುತ್ತಿರುವ ಮಗುವಿನ ಗಂಟಲಿನ ನರವನ್ನು ಪ್ರಚೋದಿಸಿದರೆ ಎಂಜಲು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಹೆಚ್ಚಬಹುದು, ಮತ್ತು ಇಂಥ ಮಕ್ಕಳ ಪ್ರಾಣಕ್ಕೆ ಕುತ್ತು ತರುವುದು ಬಹುಪಾಲು ನ್ಯುಮೋನಿಯಾವೇ. ಮುಂದೆ ಫಿಟ್ಸ್ ಯಾವ ಔಷಧಿಗೂ ಬಗ್ಗದೆ ಹೋದರೆ, ಆಗ ಫಿಟ್ಸ್‌ಗಾಗಿಯೇ ಈ ಯಂತ್ರದ ಬಗ್ಗೆ ಯೋಚಿಸುವುದು ಬೇರೆ ಮಾತು. ಆ ಉದ್ದೇಶಕ್ಕೂ ಅದು ಸುಮಾರು ಅರ್ಧದಷ್ಟು ಜನರಲ್ಲಿ ಫಿಟ್ಸ್ ಅನ್ನು ಅರ್ಧಕ್ಕೆ ಇಳಿಸುತ್ತದೆ, ಪೂರ್ತಿ ನಿಲ್ಲಿಸುವುದು ವಿರಳ.

ಹಾಗಾದರೆ ಈಗ ಏನು ಮಾಡಬೇಕು? ಮಗನ ಅರಿವನ್ನು ಹಿಡಿದಿಟ್ಟಿರುವುದು ಏನು ಎಂದು ಹುಡುಕಬೇಕು. ನಿಮ್ಮ ಪತ್ರದಲ್ಲೇ ಅದಕ್ಕೆ ಮೂರು ನಾಲ್ಕು ಸುಳಿವುಗಳಿವೆ.

ಮೊದಲನೆಯದು ಆ ಮೂಳೆ. ಬುರುಡೆಯ ಮೂಳೆ ತೆಗೆದ ಜಾಗ ಈಗ ಒಳಕ್ಕೆ ಕುಸಿದಿದೆಯೇ, ಉಬ್ಬಿ ಬಿಗಿಯಾಗಿದೆಯೇ ಎಂದು ನೀವು ಬರೆದಿಲ್ಲ. ಕುಸಿದಿದ್ದರೆ ಹೊರಗಿನ ಗಾಳಿಯ ಒತ್ತಡ ನೇರವಾಗಿ ಮಿದುಳಿನ ಮೇಲೆ ಬಿದ್ದು ಅಲ್ಲಿನ ರಕ್ತಸಂಚಾರ ಕುಗ್ಗುತ್ತದೆ. ಮೂಳೆಯನ್ನು ಮತ್ತೆ ಕೂರಿಸಿದ ಮೇಲೆ ಮಗು ಹೆಚ್ಚು ಚುರುಕಾಗುವುದನ್ನು ನರ ಶಸ್ತ್ರಚಿಕಿತ್ಸಕರು ಬಲ್ಲರು. ಉಬ್ಬಿದ್ದರೆ ಮಿದುಳಿನೊಳಗೆ ನೀರು ತುಂಬಿರುವ ಸಾಧ್ಯತೆ ಇದೆ. ಮೂಳೆ ತೆಗೆದ ಮಕ್ಕಳಲ್ಲಿ ಇದು ತಿಂಗಳುಗಳ ನಂತರ ಸದ್ದಿಲ್ಲದೆ ಬೆಳೆಯುತ್ತದೆ, ಹೊರಗಿನಿಂದ ನೋಡುವವರಿಗೆ ಮಗು ಇದ್ದ ಹಾಗೇ ಇದೆ ಎನ್ನಿಸುತ್ತದೆ. ಒಂದು ಸಿಟಿ ಸ್ಕ್ಯಾನ್ ಇದನ್ನು ತೋರಿಸಿಬಿಡುತ್ತದೆ, ಷಂಟ್ ಎಂಬ ಸಣ್ಣ ನಳಿಕೆ ಹಾಕಿ ನೀರನ್ನು ಹೊಟ್ಟೆಯ ಕಡೆ ಹರಿಯಬಿಡಬಹುದು. ಏಳು ತಿಂಗಳಲ್ಲಿ ಮರುಸ್ಕ್ಯಾನ್ ಆಗಿಲ್ಲವಾದರೆ ನಿಮ್ಮ ಮೊದಲ ಖರ್ಚು ಅದಕ್ಕೇ ಆಗಲಿ.

ಎರಡನೆಯದು ಔಷಧಿಗಳು. ನೀವು ಕಳಿಸಿದ ಚೀಟಿಯಲ್ಲಿ ಫೆನೋಬಾರ್ಬಿಟೋನ್, ಕ್ಲೋಬಜಾಮ್, ಲೆವೆಟಿರಾಸಿಟಮ್, ಬ್ಯಾಕ್ಲೋಫೆನ್ ಇವೆ. ಇವುಗಳಲ್ಲಿ ಫೆನೋಬಾರ್ಬಿಟೋನ್, ಕ್ಲೋಬಜಾಮ್ ಮತ್ತು ಬ್ಯಾಕ್ಲೋಫೆನ್ ಮೂರೂ ಮಂಪರು ತರುವಂಥವು. ಐಸಿಯುವಿನಲ್ಲಿ ಅಗತ್ಯವಾಗಿದ್ದ ಪ್ರಮಾಣ ಮನೆಗೆ ಬಂದ ಮೇಲೂ ಹಾಗೇ ಮುಂದುವರಿಯುವುದು ನಮ್ಮಲ್ಲಿ ತೀರಾ ಸಾಮಾನ್ಯ. ಒಂದು ಕಡೆ ಮಂಪರಿನ ಔಷಧಿ ಕೊಡುತ್ತಾ, ಇನ್ನೊಂದು ಕಡೆ ಎಬ್ಬಿಸಲು ಕರೆಂಟು ಕೊಡುವುದರಲ್ಲಿ ಅರ್ಥವಿಲ್ಲ. ಆದರೆ ಕೈಮುಗಿದು ಕೇಳುತ್ತೇನೆ, ಇವುಗಳಲ್ಲಿ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಫೆನೋಬಾರ್ಬಿಟೋನ್ ಅಥವಾ ಬ್ಯಾಕ್ಲೋಫೆನ್ ಅನ್ನು ತಟ್ಟನೆ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬಂದು ಜೀವಕ್ಕೇ ಅಪಾಯ. ಮಕ್ಕಳ ನರವೈದ್ಯರ ಉಸ್ತುವಾರಿಯಲ್ಲಿ, ಒಂದೊಂದಾಗಿ, ವಾರಗಟ್ಟಲೆ ಸಮಯ ತೆಗೆದುಕೊಂಡು ಇಳಿಸಬೇಕು.

ಇದರ ಜೊತೆಗೆ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಬೇಕು. ಕೈಕಾಲು ಅದುರದೆ, ಮಿದುಳಿನೊಳಗೆ ಮಾತ್ರ ನಡೆಯುವ ಫಿಟ್ಸ್ ಇದೆ; ಅದು ಅರಿವನ್ನು ಸಂಪೂರ್ಣ ಮರೆಮಾಡಬಲ್ಲದು. ಅರ್ಧ ಗಂಟೆಯ ಇಇಜಿಯಲ್ಲಿ ಸಿಗದಿದ್ದರೆ ರಾತ್ರಿಯಿಡೀ ಮಾಡುವ ವಿಡಿಯೊ ಇಇಜಿಯಲ್ಲಿ ಸಿಗುವುದುಂಟು. ನೀವು ಬರೆದ ಬೆವರು ಮತ್ತು ಸೆಟೆತ ಫಿಟ್ಸ್ ಇರಬಹುದು, ಅಥವಾ ಮಿದುಳಿನ ಪೆಟ್ಟಿನ ನಂತರ ಸ್ವಯಂಚಾಲಿತ ನರಮಂಡಲ ಹಿಡಿತ ತಪ್ಪಿ ಕೆರಳುವ ಸ್ಥಿತಿಯೂ ಇರಬಹುದು. ಎರಡನೆಯದನ್ನು ಕೆರಳಿಸುವುದು ಬಹುಪಾಲು ನೋವು: ಮಲಬದ್ಧತೆ, ಮೂತ್ರದ ಸೋಂಕು, ಹಾಸಿಗೆ ಹುಣ್ಣು, ಕೀಲುಗಳ ಸುತ್ತ ಬೆಳೆದ ಹೊಸ ಮೂಳೆ, ಹುಳುಕಾದ ಹಲ್ಲು. ಮಗು ಹೇಳಲಾರದು, ಆದ್ದರಿಂದ ನಾವೇ ತಲೆಯಿಂದ ಕಾಲಿನವರೆಗೆ ಹುಡುಕಬೇಕು. ಥೈರಾಯ್ಡ್ ಮತ್ತು ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳ ರಕ್ತಪರೀಕ್ಷೆ, ಕಣ್ಣು ಮತ್ತು ಕಿವಿಯ ಪರೀಕ್ಷೆ ಕೂಡ ಆಗಲಿ. ಕಣ್ಣಿನ ನರಕ್ಕೆ ಪೆಟ್ಟಾಗಿ ದೃಷ್ಟಿ ಹೋಗಿದ್ದರೆ ಅವನು ಅಮ್ಮನನ್ನು ನೋಡಲಾರ, ಅರಿವು ಎಷ್ಟೇ ಇದ್ದರೂ. ನಿಮ್ಮನ್ನು ನೋಡದ ಕಣ್ಣು ತಂಗಿಯ ದನಿಗೆ ತಿರುಗುತ್ತದೆ ಎಂದು ನೀವು ಬರೆದದ್ದನ್ನು ಓದಿದಾಗ ನನಗೆ ಮೊದಲು ಹೊಳೆದದ್ದು ಇದೇ.

ಇಷ್ಟೆಲ್ಲ ಆದ ಮೇಲೂ ಅರಿವು ಹೆಚ್ಚದಿದ್ದರೆ ಅಮಂಟಡೀನ್ ಎಂಬ ಔಷಧಿಯನ್ನು ಪರಿಗಣಿಸಬಹುದು. 2012ರಲ್ಲಿ ಪ್ರಕಟವಾದ, 184 ರೋಗಿಗಳ ಅಧ್ಯಯನದಲ್ಲಿ ಅದು ನಾಲ್ಕು ವಾರಗಳ ಅವಧಿಯಲ್ಲಿ ಚೇತರಿಕೆಯ ವೇಗ ಹೆಚ್ಚಿಸಿತು. ಅಲ್ಲಿದ್ದವರು 16 ವರ್ಷ ಮೇಲ್ಪಟ್ಟವರು; ಮಕ್ಕಳಿಗೆ ನಾವು ಎಚ್ಚರಿಕೆಯಿಂದ ಕೊಡುತ್ತೇವೆ, ಫಿಟ್ಸ್ ಇರುವ ಮಗುವಿನಲ್ಲಿ ಇನ್ನಷ್ಟು ಎಚ್ಚರಿಕೆಯಿಂದ.

ಮಣಿಕಟ್ಟಿನ ಪ್ರಚೋದನೆಯನ್ನೂ ನಾನು ಪೂರ್ತಿ ಬೇಡವೆನ್ನುವುದಿಲ್ಲ. ಕೊಯ್ಯುವುದಿಲ್ಲ, ತೆಗೆದರೆ ತೆಗೆದಂತೆ. ಚರ್ಮ ಕೆಂಪಾಗುವುದು, ಪ್ಯಾಡ್ ಸರಿಯಾಗಿ ಅಂಟದಿದ್ದರೆ ಸಣ್ಣ ಸುಟ್ಟಗಾಯ, ನೋವಿನಿಂದ ಆ ಸೆಟೆತ ಹೆಚ್ಚುವುದು ಇದರ ಅಪಾಯಗಳು. ಫಿಟ್ಸ್ ಹತೋಟಿಯಲ್ಲಿಲ್ಲದಿದ್ದರೆ ಆರಂಭಿಸಲೇಬಾರದು. ವಯಸ್ಕರಿಗೆ ಬಳಸಿದ ಪ್ರಮಾಣವನ್ನು ಒಂಬತ್ತು ವರ್ಷದ ಕೈಗೆ ಹಾಗೇ ಕೊಡಬಾರದು. ಮಾಡುವುದಾದರೆ ಮೊದಲು ಎರಡು ವಾರ ಯಂತ್ರವಿಲ್ಲದೆ ಅವನ ಅರಿವನ್ನು ಐದಾರು ಬಾರಿ ಅಳೆದು ಬರೆದಿಡಬೇಕು, ಬೇರಾವ ಔಷಧಿಯನ್ನೂ ಆ ಅವಧಿಯಲ್ಲಿ ಬದಲಿಸಬಾರದು, ನಾಲ್ಕರಿಂದ ಆರು ವಾರಗಳ ಗಡುವು ಹಾಕಿಕೊಳ್ಳಬೇಕು, ಅಳೆಯುವವರು ಚಿಕಿತ್ಸೆ ಕೊಡುವವರಲ್ಲದ ಬೇರೊಬ್ಬರಾಗಿರಬೇಕು. ಗಡುವು ಮುಗಿದಾಗ ಬದಲಾವಣೆ ಇಲ್ಲವಾದರೆ ನಿಲ್ಲಿಸಬೇಕು. ಇದು ಸಂಶೋಧನೆ ಎಂದು ಅವರು ಹೇಳಿದರೆ ನೈತಿಕ ಸಮಿತಿಯ ಒಪ್ಪಿಗೆ ಪತ್ರವನ್ನೂ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸುವ, ಚಿಕಿತ್ಸಾ ಪ್ರಯೋಗಗಳ ದಾಖಲೆಯಾದ ಸಿಟಿಆರ್‌ಐ ನೋಂದಣಿ ಸಂಖ್ಯೆಯನ್ನೂ ಕೇಳಿ. ಸಂಶೋಧನೆಯ ಖರ್ಚನ್ನು ರೋಗಿಯ ಕಡೆಯವರಿಂದ ವಸೂಲು ಮಾಡುವಂತಿಲ್ಲ. ಕಾಂಡಕೋಶ ಚಿಕಿತ್ಸೆ, ಅಂದರೆ ಸ್ಟೆಮ್ ಸೆಲ್, ಎಂದು ಯಾರಾದರೂ ಬಂದರೆ ಮಾತು ಬೆಳೆಸಬೇಡಿ. ಮಿದುಳಿನ ಗಾಯಕ್ಕೆ ಅದನ್ನು ಹಣ ಪಡೆದು ಕೊಡಲು ನಮ್ಮ ದೇಶದ 2017ರ ಮಾರ್ಗಸೂಚಿಯಲ್ಲಿ ಅವಕಾಶವಿಲ್ಲ.

ಹಣವಿದ್ದಷ್ಟನ್ನು ದಿನನಿತ್ಯದ ಆರೈಕೆಗೆ ಉಳಿಸಿಕೊಳ್ಳಿ. ಮೂಗಿನ ನಳಿಕೆಯ ಬದಲು ಹೊಟ್ಟೆಗೇ ನೇರ ನಳಿಕೆ, ಬೆನ್ನು ಕತ್ತಿಗೆ ಆಸರೆಯಿರುವ ಗಾಲಿಕುರ್ಚಿ, ಕಾಲಿಗೆ ಪಟ್ಟಿ, ವಾರಕ್ಕೆ ಕೆಲವು ದಿನ ಫಿಸಿಯೊಥೆರಪಿ, ದಿನಕ್ಕೆ ಎರಡು ಮೂರು ಬಾರಿ ನೆಟ್ಟಗೆ ಕೂರಿಸುವುದು, ಇವೆಲ್ಲ ಸಪ್ಪೆಯಾಗಿ ಕಾಣಬಹುದು. ಆದರೆ ಅರಿವು ಮರಳುವ ಹೊತ್ತಿಗೆ ಕೈಕಾಲು ಮಡಚಿ ಗಟ್ಟಿಯಾಗಿದ್ದರೆ, ಎಚ್ಚೆತ್ತ ಮಗುವಿಗೆ ಬೆರಳು ಎತ್ತಿ ಹೂಂ ಎನ್ನಲೂ ಆಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಸಂಬಂಧಿ ಪುನಶ್ಚೇತನಕ್ಕೆಂದೇ ವಿಭಾಗವಿದೆ. ಅಲ್ಲಿ ಅಥವಾ ನಿಮಗೆ ಹತ್ತಿರದ ವೈದ್ಯಕೀಯ ಕಾಲೇಜಿನಲ್ಲಿ ಮಕ್ಕಳ ನರವೈದ್ಯರು, ನರ ಶಸ್ತ್ರಚಿಕಿತ್ಸಕರು ಇಬ್ಬರೂ ಒಟ್ಟಿಗೆ ನೋಡುವಂತೆ ಮಾಡಿಕೊಳ್ಳಿ. ಅಂಗವಿಕಲರ ಯುಡಿಐಡಿ ಕಾರ್ಡ್ ಮಾಡಿಸಿಕೊಂಡು, ಬಹುವಿಧ ಅಂಗವೈಕಲ್ಯದವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಾಗುವ ನಿರಾಮಯ ವಿಮೆಗೆ ಮಗ ಅರ್ಹನೇ ಎಂದು ವಿಚಾರಿಸಿ.

ಹೋಗುವ ಮೊದಲು ಹತ್ತು ದಿನ ಒಂದು ಕೆಲಸ ಮಾಡಿ. ಸಂಜೆ ಮಗಳು ಶಾಲೆಯಿಂದ ಬರುವ ಹೊತ್ತಿಗೆ ಅವನನ್ನು ಕೂರಿಸಿ, ಮೊಬೈಲನ್ನು ಅವನ ಮುಖ ಕಾಣುವಂತೆ ಕಿಟಕಿಯಲ್ಲಿ ನಿಲ್ಲಿಸಿ ವಿಡಿಯೊ ಆರಂಭಿಸಿ. ಒಂದು ದಿನ ಅವಳು ಬಲಗಡೆಯಿಂದ, ಮರುದಿನ ಎಡಗಡೆಯಿಂದ, ಮುಟ್ಟದೆ, ಅವನಿಗೆ ಕಾಣದಂತೆ ನಿಂತು ಅಣ್ಣಾ ಎಂದು ಕರೆಯಲಿ. ಇನ್ನೊಂದು ದಿನ ಅದೇ ಜಾಗದಿಂದ ಪರಿಚಯವಿಲ್ಲದವರು ಯಾರಾದರೂ ಅದೇ ಮಾತು ಹೇಳಲಿ. ಮತ್ತೊಂದು ದಿನ ಯಾರೂ ಏನೂ ಹೇಳದೆ ಐದು ನಿಮಿಷ ಹಾಗೇ ಚಿತ್ರಿಸಿ. ಪ್ರತಿ ವಿಡಿಯೊದ ದಿನ, ಹೊತ್ತು, ಔಷಧಿ ಕೊಟ್ಟು ಎಷ್ಟು ಗಂಟೆಯಾಗಿತ್ತು ಎಂಬುದನ್ನು ಮಗಳ ಹಳೆಯ ನೋಟ್‌ಬುಕ್‌ನಲ್ಲಿ ಬರೆದಿಡಿ. ಆ ಹತ್ತು ವಿಡಿಯೊಗಳನ್ನು ಸ್ಕ್ಯಾನಿನ ಫಿಲ್ಮುಗಳ ಜೊತೆಗೇ ವೈದ್ಯರ ಮುಂದಿಡಿ. ಅವರು ನೋಡಲು ಸಮಯವಿಲ್ಲ ಎಂದರೆ, ನೋಡುವ ವೈದ್ಯರು ಸಿಗುವವರೆಗೂ ಕೇಳಿ.